ಬ್ರಿಟನ್ನಿನ ಉಗಿ ರೈಲುಗಳ ಇತಿಹಾಸ ತಿಳಿಯಲು ಒಂದೇ ಒಂದು ಪುಸ್ತಕ ಕೊಳ್ಳುವುದಾದರೆ ಯಾವುದು?

ಬರುವ ಬೇಸಿಗೆಗೆ ಮಗನನ್ನು ಕರೆದುಕೊಂಡು ಬ್ರಿಟನ್ನಿಗೆ ಹೋಗುತ್ತಿದ್ದೀರಿ. ಅಲ್ಲಿನ ಹಳೆಯ ಉಗಿ ರೈಲುಗಳಲ್ಲಿ ಓಡಾಡುವ ಮೊದಲು, ಪೂರ್ತಿ ಇತಿಹಾಸ ಇರುವ ಒಂದು ದೊಡ್ಡ ಪುಸ್ತಕ ಓದಬೇಕು ಅಂತ ನಿಮ್ಮ ಆಸೆ. ದಯವಿಟ್ಟು ಆ ದೊಡ್ಡ ಪುಸ್ತಕ ಕೊಳ್ಳಬೇಡಿ. ನಾನು ಕೊಂಡಿದ್ದೆ.

ಆಗ ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿದ್ದೆ. ಚಿಕ್ಕಂದಿನಿಂದ ರೈಲು ಅಂದರೆ ಪ್ರಾಣ. ಕೈಗೆ ನಾಲ್ಕು ಕಾಸು ಬಂದ ಕೂಡಲೇ ದಪ್ಪ ರಟ್ಟಿನ, ನುಣುಪು ಹಾಳೆಯ, ಪುಟಕ್ಕೊಂದು ಫೋಟೋ ಇರುವ ಪುಸ್ತಕ ತಂದೆ. 1825ರ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲು, 1829ರ ರೇನ್‌ಹಿಲ್ ಪಂದ್ಯದಲ್ಲಿ ಗೆದ್ದ ರಾಕೆಟ್ ಎಂಜಿನ್, 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಎಂಜಿನ್, 1968ರ ಆಗಸ್ಟಿನಲ್ಲಿ ಸರ್ಕಾರಿ ಬ್ರಿಟಿಷ್ ರೈಲ್ವೇಸಿನ ಉಗಿ ಯುಗದ ಕೊನೆ. ಓದಿ ಮುಗಿಸಿದ ಮೇಲೂ ಏನೋ ಸಾಲದು ಅನ್ನಿಸಿತು. ಅಂಥದೇ ಇನ್ನೊಂದು ತಂದೆ. ಆಮೇಲೆ ಮತ್ತೊಂದು. ಎಲ್ಲದರಲ್ಲೂ ಅದೇ ಸಾಲು, ಅದೇ ಎಂಜಿನ್ನುಗಳು. ದುಡ್ಡು ಹೋಯಿತು, ಆದರೆ ನಷ್ಟ ಅಷ್ಟೇ ಅಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋಟೋ ಪುಸ್ತಕದಲ್ಲಿ ಚಿತ್ರದ ಕೆಳಗೆ ಎಂಜಿನ್ ನಂಬರು, ಅದರ ವರ್ಗ, ಕಟ್ಟಿದ ವರ್ಷ, ಫೋಟೋ ತೆಗೆದ ಊರು ಇರುತ್ತವೆ. ಅಷ್ಟು ಬಾಯಿಪಾಠ ಆದರೆ ರೈಲ್ವೆ ಗೊತ್ತಾಯಿತು ಅಂದುಕೊಂಡೆ. ಚಕ್ರಗಳ ಜೋಡಣೆ ನೋಡಿ ಇದು ಯಾವ ವರ್ಗ ಅಂತ ಹೇಳುವಷ್ಟು ಕಲಿತೆ. ಆದರೆ ಈ ಹಳಿಯನ್ನು ಯಾರು ಹಾಕಿದರು? ಯಾವ ಸರಕು ಸಾಗಿಸಲು? ಏಕೆ ನಷ್ಟವಾಯಿತು? ಮುಚ್ಚಿಹೋಗಬೇಕಾದದ್ದನ್ನು ಯಾರು ಕೈಹಿಡಿದರು? ಇವು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಹೊಳೆದಿರಲಿಲ್ಲ. ಒಂದೂವರೆ ಶತಮಾನವನ್ನು ಒಂದೇ ರಟ್ಟಿನೊಳಗೆ ತುಂಬಿದರೆ ಒಂದೊಂದು ಲೈನಿಗೆ ಸಿಗುವುದು ಒಂದು ಪ್ಯಾರಾ, ಅದೂ ಸಿಕ್ಕರೆ.

ಹಾಗೇ ಟ್ಯಾಲಿಲಿನ್ ರೈಲು ಹತ್ತಲು ಟವಿನ್ ಊರಿಗೆ ಹೋದೆ. ಅದು ವೇಲ್ಸಿನ ಕರಾವಳಿಯಲ್ಲಿದೆ. ಬರ್ಮಿಂಗ್‌ಹ್ಯಾಮಿನಿಂದ ಶ್ರೂಸ್‌ಬರಿ ಮೇಲೆ ಹೋಗುವ ರೈಲು ಅಲ್ಲಿಗೆ ಮುಟ್ಟಿಸುತ್ತದೆ. ಪುಟ್ಟ ರೈಲು, ಹಳಿಗಳ ನಡುವಿನ ಅಗಲ ಬರೀ 2 ಅಡಿ 3 ಅಂಗುಲ. ನಾನು ಎಂಜಿನ್ನಿನ ಫೋಟೋ ತೆಗೆದೆ, ನಂಬರು ಬರೆದುಕೊಂಡೆ, ಬೋಗಿಯಲ್ಲಿ ಕೂತೆ. ಒಂದು ಬದಿಯ ಬಾಗಿಲು ತೆರೆಯಲಿಲ್ಲ. ಹಳೇ ಗಾಡಿ, ತುಕ್ಕು ಹಿಡಿದಿರಬೇಕು ಅಂತ ಸುಮ್ಮನಾದೆ. ಪ್ಲಾಟ್‌ಫಾರಂಗಳೆಲ್ಲ ಒಂದೇ ಬದಿಗೆ ಬರುತ್ತಿದ್ದವು. ಅದನ್ನೂ ಗಮನಿಸಲಿಲ್ಲ.

ವಾಪಸ್ ಬರುವಾಗ ಸ್ಟೇಷನ್ ಅಂಗಡಿಯಲ್ಲಿ ಆ ಲೈನಿನದೇ ಒಂದು ತೆಳ್ಳನೆಯ ಇತಿಹಾಸದ ಪುಸ್ತಕ ತೆಗೆದುಕೊಂಡೆ. ಬಾಗಿಲಿನ ವಿಷಯ ಅದರಲ್ಲಿತ್ತು. 1866ರಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅಳತೆ ಮಾಡಿದಾಗ ಸೇತುವೆಗಳ ಗೋಡೆಗೂ ಬೋಗಿಗೂ ನಡುವೆ ಸಾಕಷ್ಟು ಜಾಗವೇ ಇರಲಿಲ್ಲ. ಸೇತುವೆಗಳನ್ನು ಒಡೆದು ಕಟ್ಟುವ ಬದಲು ಹಳಿಯನ್ನು ಒಂದು ಪಕ್ಕಕ್ಕೆ ಸರಿಸಿದರು. ಇನ್ನೊಂದು ಪಕ್ಕದ ಬಾಗಿಲುಗಳನ್ನು ಕಾಯಂ ಆಗಿ ಮುಚ್ಚಿಸಿದರು. ಆ ಏರ್ಪಾಡು ಇಂದಿಗೂ ಇದೆ. ಇತಿಹಾಸ ನನ್ನ ಮೊಣಕೈಗೆ ತಾಗಿಕೊಂಡೇ ಕೂತಿತ್ತು, ನನಗೆ ಕಾಣಲಿಲ್ಲ. ನನಗಾದ ನಿಜವಾದ ನಷ್ಟ ಇದು.

ಅದಕ್ಕೇ ಹೇಳುತ್ತೇನೆ, ಮೊದಲು ಲೈನು ಆರಿಸಿ, ಆಮೇಲೆ ಪುಸ್ತಕ. ಟ್ಯಾಲಿಲಿನ್ ಆದರೆ ಎಲ್.ಟಿ.ಸಿ. ರೋಲ್ಟ್ ಬರೆದ 'ರೈಲ್ವೇ ಅಡ್ವೆಂಚರ್' ಓದಿ. 1953ರ ಪುಸ್ತಕ, ಹಳೆಯ ಪ್ರತಿಗಳು ಸಿಗುತ್ತವೆ. ಚಾವಣಿಗೆ ಹೊದಿಸುವ ಸ್ಲೇಟ್ ಕಲ್ಲನ್ನು ಕಣಿವೆಯಿಂದ ಇಳಿಸಲು ಹುಟ್ಟಿದ ಲೈನು ಇದು. 1947ರ ರೈಲ್ವೆ ರಾಷ್ಟ್ರೀಕರಣದ ಕಾನೂನಿನಲ್ಲಿ ಇದರ ಹೆಸರೇ ಇರಲಿಲ್ಲ, ಹಾಗಾಗಿ ಖಾಸಗಿಯಾಗಿಯೇ ಉಳಿಯಿತು. 'ನಾನು ಬದುಕಿರುವವರೆಗೆ ರೈಲು ಓಡುತ್ತದೆ' ಅಂತ ಮಾತು ಕೊಟ್ಟಿದ್ದ ಮಾಲೀಕ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಸೇರಿ ಸಂಘ ಕಟ್ಟಿದರು. 1951ರ ಮೇ ತಿಂಗಳಲ್ಲಿ ರೈಲು ಓಡಿಸಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಅದು. ಓಡುವ ಸ್ಥಿತಿಯಲ್ಲಿದ್ದದ್ದು ಡೋಲ್ಗೊಚ್ ಅನ್ನುವ ಒಂದೇ ಎಂಜಿನ್. ಮುಚ್ಚಿಹೋಗಿದ್ದ ಪಕ್ಕದ ಕೋರಿಸ್ ಲೈನಿನಿಂದ ಎರಡು ಎಂಜಿನ್ ತಂದರೆ, ಒಂದು ಪದೇ ಪದೇ ಹಳಿ ತಪ್ಪಿತು. ಏಕೆಂದರೆ ಟ್ಯಾಲಿಲಿನ್ ಹಳಿ ಕಾಗದದಲ್ಲಿ ಇದ್ದದ್ದಕ್ಕಿಂತ ಅರ್ಧ ಅಂಗುಲ ಅಗಲವಿತ್ತು! ಇಂಥ ವಿವರ ದೊಡ್ಡ ಪುಸ್ತಕದಲ್ಲಿ ಸಿಗಲ್ಲ.

ದೊಡ್ಡ ಪುಸ್ತಕಗಳ ಬಗ್ಗೆ ನನ್ನ ಇನ್ನೊಂದು ತಕರಾರು. ಉಗಿ ಎಂಜಿನ್ ಹೋದದ್ದನ್ನೂ ಊರೂರ ಲೈನು ಮುಚ್ಚಿದ್ದನ್ನೂ ಒಂದೇ ಕಥೆ ಮಾಡಿ ಎಲ್ಲವನ್ನೂ ಆಗ ಬ್ರಿಟಿಷ್ ರೈಲ್ವೇಸಿನ ಮುಖ್ಯಸ್ಥರಾಗಿದ್ದ ಬೀಚಿಂಗ್ ತಲೆಗೆ ಕಟ್ಟುವವು ಜಾಸ್ತಿ. ಉಗಿ ಬಿಟ್ಟು ಡೀಸೆಲ್, ವಿದ್ಯುತ್ತಿಗೆ ಹೋಗುವ ತೀರ್ಮಾನ 1955ರ ಯೋಜನೆಯಲ್ಲೇ ಇತ್ತು. ಬೀಚಿಂಗ್ ವರದಿ ಬಂದದ್ದು 1963ರಲ್ಲಿ. ಅದು ಯಾವ ಲೈನು ಮುಚ್ಚಬೇಕು ಅನ್ನುವ ಲೆಕ್ಕಾಚಾರ. ಅಷ್ಟು ಹೊತ್ತಿಗೆ ಟ್ಯಾಲಿಲಿನ್ ಸ್ವಯಂಸೇವಕರು ಹನ್ನೆರಡು ವರ್ಷ ರೈಲು ಓಡಿಸಿದ್ದರು, ಸಸೆಕ್ಸಿನ ಬ್ಲೂಬೆಲ್ ಲೈನು ಕೂಡ 1960ರಲ್ಲೇ ಶುರುವಾಗಿತ್ತು.

ಇಡೀ ದೇಶದ ಚಿತ್ರ ಬೇಕೇಬೇಕು ಅಂದರೆ ರೋಲ್ಟ್ ಅವರದೇ 'ರೆಡ್ ಫಾರ್ ಡೇಂಜರ್' ತೆಗೆದುಕೊಳ್ಳಿ. ರೈಲು ಅಪಘಾತಗಳ ಪುಸ್ತಕ, ಮಗನಿಗಲ್ಲ, ನಿಮಗೆ. 1889ರಲ್ಲಿ ಐರ್ಲೆಂಡಿನ ಆರ್ಮಾದಲ್ಲಿ ಬೇರ್ಪಡಿಸಿದ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. ಸತ್ತವರಲ್ಲಿ ಮಕ್ಕಳು ಬಹಳ. ಪ್ರಯಾಣಿಕರ ರೈಲಿನ ಎಲ್ಲ ಬೋಗಿಗೂ, ಕಳಚಿಕೊಂಡರೆ ತಾನೇ ಹಿಡಿಯುವ ಬ್ರೇಕ್ ಇರಲೇಬೇಕು ಅನ್ನುವ ಕಾನೂನು ಅದೇ ವರ್ಷ ಬಂತು. ರೈಲ್ವೆ ಹೇಗೆ ಬೆಳೆಯಿತು ಅನ್ನುವುದು ನನಗೆ ಅರ್ಥವಾದದ್ದು ಇಂಥ ಅಧ್ಯಾಯಗಳಿಂದ.

ನಿಮ್ಮ ಮಗ ಥಾಮಸ್ ರೈಲಿನ ಕಾರ್ಟೂನ್ ನೋಡಿದ್ದರೆ ಟವಿನ್ನಿಗೇ ಹೋಗಿ. ಥಾಮಸ್ ಕಥೆ ಬರೆದ ಪಾದ್ರಿ ಆಡ್ರಿ ಇದೇ ಲೈನಿನಲ್ಲಿ ಸ್ವಯಂಸೇವಕರಾಗಿದ್ದರು. ಅವರ ಕಥೆಯಲ್ಲಿ ಬರುವ ಸ್ಕಾರ್ಲೋಯಿ ಎಂಜಿನ್ ಅಂದರೆ ಇಲ್ಲಿನ ಟ್ಯಾಲಿಲಿನ್ ಎಂಜಿನ್, ರೀನಿಯಸ್ ಅಂದರೆ ಡೋಲ್ಗೊಚ್. ಸ್ಟೇಷನ್ನಿನ ಮ್ಯೂಸಿಯಮ್ಮಿನಲ್ಲಿ ಅವರ ಓದುವ ಕೋಣೆಯನ್ನು ಹಾಗೆಯೇ ಜೋಡಿಸಿಟ್ಟಿದ್ದಾರೆ. ಹೊರಡುವ ಮೊದಲು ರೈಲು ಓಡುವ ದಿನಗಳನ್ನು ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ, ಇಂಥ ಲೈನುಗಳು ವರ್ಷವಿಡೀ ದಿನವೂ ಓಡುವುದಿಲ್ಲ. ಪುಸ್ತಕವನ್ನು ಮಾತ್ರ ಈಗಲೇ ತರಿಸಿ, ರೈಲು ಹತ್ತುವ ಮೊದಲೇ ಓದಿ ಮುಗಿಸಿ.