ತುಮಕೂರು ಹತ್ತಿರದ ದೇವರಾಯನದುರ್ಗ ಸುಣ್ಣದ ಕಲ್ಲಿನ ಬೆಟ್ಟವೇ? ಇಲ್ಲದಿದ್ದರೆ ಅದರ ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ನೀರು ಬರುವುದು ಹೇಗೆ?

ಅಲ್ಲ, ಅದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲಿನ ಬೆಟ್ಟ. ನೀರು ಬರುವುದು ಬಂಡೆಯ ಬಿರುಕುಗಳಿಂದ.

ಸುಣ್ಣದ ಕಲ್ಲು ಮಳೆನೀರಿನ ಸಣ್ಣ ಹುಳಿಗೆ ನಿಧಾನವಾಗಿ ಕರಗುತ್ತದೆ, ಒಳಗೆ ಗುಹೆ, ಸುರಂಗ ಆಗುತ್ತವೆ. ಗ್ರಾನೈಟ್ ಹಾಗೆ ಕರಗುವುದಿಲ್ಲ. ಆದರೆ ಸೀಳುತ್ತದೆ. ಕೋಟಿಗಟ್ಟಲೆ ವರ್ಷದಲ್ಲಿ ಮೇಲಿನ ಭಾರ ಸವೆದು ಹೋದಂತೆ ಬಂಡೆ ಪದರ ಪದರವಾಗಿ ಬಿರಿಯುತ್ತದೆ, ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ. ಮಳೆನೀರು ಆ ಬಿರುಕುಗಳಲ್ಲಿ ಇಳಿದು, ತಗ್ಗಿನಲ್ಲಿ ದಾರಿ ಸಿಕ್ಕಲ್ಲಿ ಹೊರಗೆ ಬರುತ್ತದೆ. ಚಿಲುಮೆ ನೋಡಿದ್ದೀರಾ? ಬಂಡೆಯಲ್ಲಿ ಒಂದು ಪುಟ್ಟ ಗುಳಿ, ಅಷ್ಟೇ. ನಾಮ ತೇಯಲು ನೀರಿಲ್ಲದೆ ರಾಮ ಬಾಣ ಹೊಡೆದ ಜಾಗ ಅಂತ ಕಥೆ.

ನೀರು ಹೀಗೆ ಒಳಗೆ ಇಳಿಯುವುದರಲ್ಲಿ ಕಾಡಿನ ಪಾಲು ಜಾಸ್ತಿ. ಬೇಸಿಗೆಗೆ ಎಲೆ ಉದುರಿಸುವ ಕುರುಚಲು ಕಾಡಾದರೂ ಅದರ ಬೇರು, ಉದುರಿದ ಎಲೆ ನೀರನ್ನು ತಡೆದು ನಿಲ್ಲಿಸುತ್ತವೆ. ಬೋಳು ಬಂಡೆ ಮೇಲೆ ಬಿದ್ದ ಮಳೆ ಸುಮ್ನೆ ಹರಿದು ಹೋಗುತ್ತದೆ, ಅಲ್ವಾ?

ಇಲ್ಲಿ ಹುಟ್ಟುವ ಜಯಮಂಗಲಿ ನದಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ (ಪೆನ್ನಾರ್) ನದಿ ಸೇರುತ್ತದೆ. ಇದೇ ಬೆಟ್ಟಸಾಲಿನ ಶಿಂಷಾ ದಕ್ಷಿಣಕ್ಕೆ ಕಾವೇರಿಗೆ ಹೋಗುತ್ತದೆ. ಕೆಳಗಿನ ಕೆಂಪು ಮಣ್ಣಿನಲ್ಲಿ ರಾಗಿ, ಹುಣಸೆ.

ಸುಣ್ಣದ ಕಲ್ಲೇ ನೋಡಬೇಕಾದರೆ ಚಿಕ್ಕನಾಯಕನಹಳ್ಳಿ ಕಡೆ ಹೋಗಿ. ಅದೂ ತುಮಕೂರು ಜಿಲ್ಲೆಯೇ.