ಪಾಪವನ್ನೇ ಅರಿಯದವನು ನನ್ನ ಸೋಲನ್ನು ಅರಿಯಬಲ್ಲನೇ?

ಪ್ರಶ್ನೆ: ಯೇಸು ಪಾಪರಹಿತನೆಂದು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ. ಆದರೆ ಸಿಟ್ಟು, ಸುಳ್ಳುಗಳಲ್ಲಿ ಪದೇ ಪದೇ ಬೀಳುವ ನನಗೆ ಆ ಮಾತು ಸಮಾಧಾನಕ್ಕಿಂತ ಸಂಕೋಚವನ್ನೇ ತರುತ್ತದೆ. ತಪ್ಪು ಮಾಡಿದ ಮೇಲೆ ಎಷ್ಟೋ ದಿನ ಪ್ರಾರ್ಥನೆಗೆ ಕೂರಲು ನಾಚಿಕೆಯಾಗುತ್ತದೆ. ಎಂದೂ ಬೀಳದವನಿಗೆ ಬಿದ್ದವರ ಸಂಕಟ ತಿಳಿಯುವುದು ಹೇಗೆ?

ಉತ್ತರ: ನೀವು ಕೇಳಿರುವುದಕ್ಕೆ ಬೈಬಲಿನಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆಯೇ ಉತ್ತರ ಕೊಡುತ್ತದೆ. ನಮ್ಮ ಮಹಾಯಾಜಕನು ನಮ್ಮ ಬಲಹೀನತೆಗೆ ಮರುಗದವನಲ್ಲ, ಎಲ್ಲ ವಿಷಯಗಳಲ್ಲಿಯೂ ನಮ್ಮಂತೆಯೇ ಶೋಧನೆಗೆ ಒಳಗಾದವನು, ಆದರೆ ಪಾಪ ಮಾಡದವನು ಎಂದು ಅದರ 4ನೆಯ ಅಧ್ಯಾಯದ 15ನೆಯ ವಚನ ಹೇಳುತ್ತದೆ.

ಇಲ್ಲಿ ‘ಮಹಾಯಾಜಕ’ ಎಂಬ ಪದವನ್ನು ಹಗುರವಾಗಿ ದಾಟಬಾರದು. ಯಾಜಕಕಾಂಡದ 16ನೆಯ ಅಧ್ಯಾಯದ ಪ್ರಕಾರ, ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನದಂದು ಇಸ್ರಾಯೇಲರ ಮೊದಲ ಮಹಾಯಾಜಕನಾದ ಆರೋನನು ಜನರಿಗಾಗಿ ಹೋತವನ್ನು ಅರ್ಪಿಸುವ ಮೊದಲು ತನಗಾಗಿಯೂ ತನ್ನ ಮನೆತನದವರಿಗಾಗಿಯೂ ಒಂದು ಹೋರಿಯನ್ನು ವಧಿಸಿ, ಅದರ ರಕ್ತವನ್ನು ಮಹಾಪವಿತ್ರಸ್ಥಳದ ತೆರೆಯ ಒಳಗೆ ಒಯ್ದು, ಮಂಜೂಷದ ಮುಚ್ಚಳವಾದ ಕೃಪಾಸನದ ಮುಂದೆ ಬೆರಳಿನಿಂದ ಏಳು ಸಾರಿ ಚಿಮುಕಿಸಬೇಕಿತ್ತು. ತನ್ನ ಸಾಲವೇ ತೀರದವನು ಇನ್ನೊಬ್ಬನಿಗೆ ಜಾಮೀನು ನಿಲ್ಲುವುದು ಹೇಗೆ? ಯೇಸುವಿಗೆ ಆ ಮೊದಲನೆಯ ಹೋರಿ ಬೇಕಾಗಲಿಲ್ಲ. ಆತನು ಅರ್ಪಿಸಿದ್ದರಲ್ಲಿ ತನಗಾಗಿ ಎಂದು ತೆಗೆದಿರಿಸಿದ ಪಾಲು ಇರಲೇ ಇಲ್ಲ. ಪಾಪವನ್ನು ಅರಿಯದ ಆತನನ್ನು ದೇವರು ನಮಗೋಸ್ಕರ ಪಾಪಸ್ವರೂಪಿಯಾಗಿ ಮಾಡಿದನು ಎಂದು ಪೌಲನು ಕೊರಿಂಥದವರಿಗೆ ಬರೆದುದರ ಹಿಂದೆಯೂ ಇದೇ ನಂಬಿಕೆಯಿದೆ.

ಇನ್ನು, ಪಾಪವಿಲ್ಲದವನು ಪಾಪಿಗಳಿಂದ ದೂರವಿದ್ದನೇ? ಜನರು ತಮ್ಮ ಪಾಪಗಳನ್ನು ಅರಿಕೆಮಾಡುತ್ತ ಯೋರ್ದನ್ ನದಿಗೆ ಇಳಿಯುತ್ತಿದ್ದಾಗ, ಅರಿಕೆಮಾಡಲು ಒಂದೂ ಪಾಪವಿಲ್ಲದ ಯೇಸು ಅದೇ ನೀರಿಗೆ ಇಳಿದನು. ಸ್ನಾನಿಕ ಯೋಹಾನನು ತಡೆದರೂ ಹಿಂದೆ ಸರಿಯಲಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನೆಲಕ್ಕೆ ಬಿದ್ದು, ಸಂಕಟದ ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿದ ಆತನ ಸಂಕಟ ನಟನೆಯಾಗಿರಲಿಲ್ಲ. ಕ್ರಿ.ಶ. 451ರಲ್ಲಿ ಕಲ್ಸೆದೋನಿನಲ್ಲಿ ಸೇರಿದ ಕ್ರೈಸ್ತ ಧರ್ಮಾಧ್ಯಕ್ಷರ ಸಭಾಪರಿಷತ್ತು, ಆತನು ಪಾಪವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ನಮಗೆ ಸಮಾನನು ಎಂದು ಘೋಷಿಸಿತು. ಆತನಿಗೆ ಪಾಪ ಮಾಡುವುದು ಸಾಧ್ಯವಿತ್ತೇ ಎಂಬ ಚರ್ಚೆ ದೇವಶಾಸ್ತ್ರಜ್ಞರಲ್ಲಿ ನಡೆದೇ ಇದೆ. ನಿಮ್ಮ ನೋವಿಗೆ ಅದು ಮದ್ದಲ್ಲವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ನಿಮ್ಮ ಪ್ರಶ್ನೆಯೊಳಗೆ ಅಡಗಿರುವ ಒಂದು ಊಹೆಯನ್ನು ಮಾತ್ರ ನಾನು ಒಪ್ಪಲಾರೆ. ತಾನೂ ಬಿದ್ದವನಿಗೇ ಬಿದ್ದವರ ಮೇಲೆ ಮರುಕವಿರುತ್ತದೆ ಎಂದು ನೀವು ತಿಳಿದಿದ್ದೀರಿ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನು ಪಶ್ಚಾತ್ತಾಪಪಟ್ಟು, ಅದಕ್ಕಾಗಿ ಪಡೆದಿದ್ದ 30 ಬೆಳ್ಳಿಯ ನಾಣ್ಯಗಳನ್ನು ಹಿಡಿದುಕೊಂಡು ಮುಖ್ಯ ಯಾಜಕರ ಬಳಿಗೆ ಹೋದನು. ಅವರು ಆ ಪಾಪದಲ್ಲಿ ಅವನ ಪಾಲುದಾರರೇ ಆಗಿದ್ದರು. ಅವರು ಕೊಟ್ಟ ಉತ್ತರವಾದರೂ ಏನು? ಅದು ನಮಗೇನು, ನೀನೇ ನೋಡಿಕೋ ಎಂದುಬಿಟ್ಟರು. ಅದರ ಹಿಂದಿನ ರಾತ್ರಿ ಶಿಷ್ಯನಾದ ಪೇತ್ರನು ಯೇಸುವನ್ನು ತಾನು ಅರಿಯೆನೆಂದು ಮೂರು ಸಾರಿ ಅಲ್ಲಗಳೆದಾಗ, ಸೆರೆಯಲ್ಲಿದ್ದ ಯೇಸು ತಿರುಗಿ ಅವನನ್ನು ನೋಡಿದನು. ಪೇತ್ರನು ಹೊರಗೆ ಹೋಗಿ ಬಹಳವಾಗಿ ಅತ್ತನು. ಪಾಪವು ಮನುಷ್ಯನ ಹೃದಯವನ್ನು ಮೆತ್ತಗಾಗಿಸುವುದಕ್ಕಿಂತ ಮರಗಟ್ಟಿಸುವುದೇ ಹೆಚ್ಚು. ಪಾಪ ಮುಟ್ಟದ ಹೃದಯಕ್ಕೆ ಆ ಜಡ್ಡು ಇಲ್ಲ. ಆದ್ದರಿಂದಲೇ ನಮ್ಮ ಸೋಲು ಆತನಿಗೆ ನಮಗಿಂತ ಆಳವಾಗಿ ನೋಯುತ್ತದೆ ಎಂದು ನಾನು ನಂಬುತ್ತೇನೆ.

ಇಬ್ರಿಯರಿಗೆ ಬರೆದ ಪತ್ರಿಕೆಯ ಆ ವಚನವನ್ನು ಓದಿ ಅಲ್ಲಿಗೇ ನಿಲ್ಲಿಸಬೇಡಿ. ಮುಂದಿನ ವಚನ ‘ಆದದರಿಂದ’ ಎಂದು ಆರಂಭವಾಗಿ, ಕೃಪಾಸನದ ಮುಂದೆ ಧೈರ್ಯದಿಂದ ಬರೋಣ ಎಂದು ಕರೆಯುತ್ತದೆ. ಆರೋನನು ವರ್ಷಕ್ಕೊಮ್ಮೆ, ರಕ್ತವಿಲ್ಲದೆ ಹೋಗಲಾಗದಿದ್ದ ಆ ಕೃಪಾಸನದ ಹೆಸರನ್ನೇ ಕನ್ನಡ ಅನುವಾದ ಇಲ್ಲಿ ಬಳಸಿರುವುದನ್ನು ಗಮನಿಸಿ. ಎಷ್ಟು ದಿನ ಕಳೆದ ಮೇಲೆ ಬರಬೇಕೆಂದು ಆ ವಚನ ಹೇಳುವುದಿಲ್ಲ. ಮುಂದಿನ ಸಲ ಬಿದ್ದಾಗ, ನಾಚಿಕೆ ಆರುವವರೆಗೆ ಕಾಯದೆ, ಆ ದಿನವೇ ಪ್ರಾರ್ಥನೆಗೆ ಕುಳಿತುಕೊಳ್ಳಿ.