ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಂಜೆಗೆ ಕಣ್ಣುರಿ: ಬ್ಲೂ ಕಟ್ ಕನ್ನಡಕ ತಗೊಂಡರೆ ಸರಿಹೋಗುತ್ತಾ?

ಬಳ್ಳಾರಿಯಲ್ಲಿ ಡೇಟಾ ಎಂಟ್ರಿ ಕೆಲಸ, ತಲೆ ಮೇಲೆಲ್ಲ ಟ್ಯೂಬ್‌ಲೈಟು, ಸಂಜೆ ಆಗುತ್ತಿದ್ದಂತೆ ಕಣ್ಣು ಉರಿದು ಹಣೆ ಸಿಡಿಯುತ್ತೆ ಅಂತ ಬರೆದಿದ್ದೀರಿ. ಪರದೆಯ ನೀಲಿ ಬೆಳಕು ತಡೆಯಲೆಂದು ಮಾರುವ ಈ ಬ್ಲೂ ಕಟ್ ಕನ್ನಡಕಕ್ಕೆ ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ ನೋಡ್ರಿ. ಮಾನಿಟರ್ ಆಫ್ ಮಾಡಿ, ದಿನಾ ಕೂರುವ ಹಾಗೆಯೇ ಕೂತು ಆ ಕಪ್ಪು ಪರದೆ ದಿಟ್ಟಿಸಿ. ಅದರಲ್ಲಿ ನಿಮ್ಮ ಬೆನ್ನ ಹಿಂದಿನ ಟ್ಯೂಬ್‌ಲೈಟೋ ಕಿಟಕಿಯೋ ಬೆಳ್ಳಗೆ ಕಂಡರೆ, ನೀವು ಅಕ್ಷರ ಓದುತ್ತಿರುವುದು ಅದರ ಮೇಲೆಯೇ. ಗೊತ್ತಿಲ್ಲದಂತೆ ಕಣ್ಣು ಕಿರಿದು ಮಾಡ್ತೀರಿ, ಕುತ್ತಿಗೆ ಓರೆ ಮಾಡ್ತೀರಿ. ತಲೆನೋವಿಗೆ ಅಷ್ಟು ಸಾಕು.

ನಾನು ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವವನು. ಹತ್ತಿ ಸೀಸನ್ ಬಂತೆಂದರೆ ರಾತ್ರಿ ತನಕ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಮುಂದೆಯೇ. ಬಂದ ರೈತರ ಮುಖ ಕಾಣಲಿ ಅಂತ ಇಲ್ಲಿ ಟೇಬಲ್ಲು ಶಟರ್ ಕಡೆ ಮುಖ ಮಾಡಿರುತ್ತೆ. ಹಾಗಾಗಿ ಪರದೆಯ ಹಿಂದೆಯೇ ಬೀದಿಯ ಸುಡು ಬಿಸಿಲು. ಟೇಬಲ್ ಅಡ್ಡ ತಿರುಗಿಸಿ ಶಟರ್ ಎಡಗೈ ಕಡೆ ಬರುವಂತೆ ಮಾಡಿದ ಮೇಲೆ ನನಗೆ ಬಹಳ ಫರಕು ಕಂಡಿತು. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ. ಟೇಬಲ್ ಸರಿಸಲು ಬಿಡದಿದ್ದರೆ ಪರದೆಯನ್ನು ತುಸು ಮುಂದಕ್ಕೆ ಬಾಗಿಸಿ, ಕಿಟಕಿಗೆ ಪರದೆ ಬಟ್ಟೆ ಹಾಕಿಸಿ, ಬೆನ್ನ ಹಿಂದಿನ ಒಂದು ಟ್ಯೂಬ್ ಆರಿಸಲು ಕೇಳಿ. ಸಾಮಾನ್ಯ ಆಫೀಸ್ ಕೆಲಸಕ್ಕೆ 300ರಿಂದ 500 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಸಾಕು. ಬಿಲ್ಲು ಓದಲು ಸಾಲದಿದ್ದರೆ ಕಾಗದದ ಮೇಲೆ ಮಾತ್ರ ಬೀಳುವ ಸಣ್ಣ ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಿ.

ಬ್ರೈಟ್‌ನೆಸ್‌ಗೆ ಸುಲಭ ಅಳತೆ: ಪರದೆ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆ ದೀಪದಂತೆ ಹೊಳೆದರೆ ತಗ್ಗಿಸಿ, ಹಾಳೆಗಿಂತ ಮಂಕಾಗಿದ್ದರೆ ಏರಿಸಿ.

ಹಳೇ ಚೋಕ್‌ನ ಟ್ಯೂಬ್ ಇದ್ದರೆ ಬದಲಾಯಿಸಲು ಹೇಳಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಅದರಿಂದ ತಲೆ ನೋಯುತ್ತೆ. ಅಗ್ಗದ ಎಲ್‌ಇಡಿಗಳಲ್ಲೂ ಇದೇ ಕಾಟ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದರೆ ಮಿನುಗುವುದು ಹೆಚ್ಚಾಗಿ ಗೊತ್ತಾಗುತ್ತೆ.

ಇನ್ನು ಬ್ಲೂ ಕಟ್. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನೆ ಪರಿಶೀಲಿಸುವ ಸಂಸ್ಥೆಯ 2023ರ ವರದಿ ಪ್ರಕಾರ, ಸಾಮಾನ್ಯ ಗಾಜಿಗಿಂತ ಅದು ಕಣ್ಣಿನ ಆಯಾಸವನ್ನು ಜಾಸ್ತಿ ತಗ್ಗಿಸಲಿಕ್ಕಿಲ್ಲ. ಆ ದುಡ್ಡು ಉಳಿಸಿ. ಉರಿಗೆ ದೊಡ್ಡ ಕಾರಣ ನಾವು ಪರದೆ ನೋಡುವಾಗ ರೆಪ್ಪೆ ಬಡಿಯುವುದನ್ನೇ ಮರೆಯುವುದು. ನಮ್ಮ ಕಡೆಯ ಒಣ ಸೆಕೆಯಲ್ಲಿ ಕೂಲರ್ ಗಾಳಿ ನೇರ ಮುಖಕ್ಕೆ ಬಡಿದರಂತೂ ಕಣ್ಣು ಪೂರ್ತಿ ಒಣಗುತ್ತೆ, ಮೊದಲು ಅದರ ದಿಕ್ಕು ತಿರುಗಿಸಿ. 20 ನಿಮಿಷಕ್ಕೊಮ್ಮೆ, 20 ಸೆಕೆಂಡು, 20 ಅಡಿಗಿಂತ ದೂರ ನೋಡಿ. ನಿಮ್ಮ ಕಿಟಕಿಯಿಂದ ಬಳ್ಳಾರಿಯ ಕೋಟೆ ಗುಡ್ಡ ಕಾಣುವಂತಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ.

ವಯಸ್ಸು ನಲವತ್ತು ದಾಟಿದೆಯಾ? ಹಾಗಿದ್ದರೆ ಬೆಳಕು ಸರಿ ಮಾಡಿಯೂ ಕಣ್ಣು ಸೋಲಬಹುದು. ಚಾಳೀಸಿನ ನಂಬರು ಪುಸ್ತಕದ ದೂರಕ್ಕೆ ಕೊಟ್ಟಿರುತ್ತಾರೆ, ಮಾನಿಟರ್ ಇರುವುದು ಅದಕ್ಕಿಂತ ಆಚೆ. ಕಣ್ಣಿಗೂ ಪರದೆಗೂ ಎಷ್ಟು ಸೆಂಟಿಮೀಟರ್ ಅಂತ ಟೇಪು ಹಿಡಿದು ಅಳೆದು, ಚೀಟಿಯಲ್ಲಿ ಬರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಥವಾ ದೀಪದ ಸುತ್ತ ಬಣ್ಣದ ಉಂಗುರ ಕಾಣುತ್ತಿದ್ದರೆ ಇವತ್ತೇ ಹೋಗಿ.